ಗಿರಾಕಿ ಕೇಳಿದರು, ನಿಜ ಹೇಳಿದೆ. ತಪ್ಪಾಯ್ತಾ? (ಸೀರೆ ಅಂಗಡಿ ವಿಷಯ)

ಅಂಚು_ಸೆರಗು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸೀರೆ ಅಂಗಡಿಯಲ್ಲಿ ಎಂಟು ತಿಂಗಳಿಂದ ಸೇಲ್ಸ್ ಕೆಲಸ ಮಾಡುತ್ತಿದ್ದೇನೆ. ಅಂಗಡಿ ಹೆಸರು ಕೇಳಬೇಡಿ, ಕೆಲಸ ಇನ್ನೂ ಇದೆ. ಮದುವೆ ಸೀಸನ್ ಅಲ್ವಾ, ಗಾದಿ ಬಿಟ್ಟು ಏಳಲು ಪುರುಸೊತ್ತಿಲ್ಲ.

ಕಳೆದ ಭಾನುವಾರ ತಾಯಿ, ಮಗಳು ಬಂದರು. ಮಗಳ ಮದುವೆ. ತಾಯಿಯ ಕೈಚೀಲದಲ್ಲಿ ಕರ್ಚೀಫಿಗೆ ಗಂಟು ಹಾಕಿದ ದುಡ್ಡು. ನಲವತ್ತು ಸೀರೆಯಾದರೂ ಬಿಡಿಸಿ ಹಾಕಿದ್ದೇನೆ. ಕೊನೆಗೆ ಒಂದು ಗಿಳಿಹಸಿರು ಸೀರೆ, ಅರಿಶಿನ ಅಂಚು. ಅದರ ಮೇಲೆ ಇಟ್ಟ ಕೈಯನ್ನು ಆಯಮ್ಮ ತೆಗೆಯಲೇ ಇಲ್ಲ. 7,800 ರೂಪಾಯಿ. ಆ ಕಪಾಟಿನ ಸೀರೆಗಳಿಗೆ ‘ಪ್ಯೂರ್’ ಅಂತಲೇ ಹೇಳಬೇಕು ಅನ್ನುವುದು ಮಾಲೀಕರ ಆರ್ಡರ್. ಅಸಲಿಗೆ ಹಾಸು (ಉದ್ದದ ಎಳೆ) ಮಾತ್ರ ರೇಷ್ಮೆ, ಹೊಕ್ಕು (ಅಡ್ಡ ಎಳೆ) ಪಾಲಿಯೆಸ್ಟರ್.

ಆಯಮ್ಮ ಸೀರೆ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. "ಅಸ್ಲಿ ರೇಷ್ಮೆನೇನಪ್ಪಾ? ಧಾರೆಗೆ ಉಡುಸ್ಬೇಕು" ಅಂದರು.

"ಇಲ್ಲಮ್ಮ, ಇದು ಸೆಮಿ" ಅಂದುಬಿಟ್ಟೆ.

ಬೈದಿದ್ದರೆ ಪರವಾಗಿರಲಿಲ್ಲ. ಸುಮ್ಮನೆ ಗಂಟನ್ನು ಚೀಲದೊಳಗೆ ಹಾಕಿಕೊಂಡು ಎದ್ದು ಹೋದರು. ಮಾಲೀಕರು ಕ್ಯಾಶ್ ಕೌಂಟರಿನಿಂದಲೇ, "ಹರಿಶ್ಚಂದ್ರ ಘಾಟ್‌ನಲ್ಲಿ ಕೆಲಸ ಖಾಲಿ ಇದೆಯಂತೆ, ಅಲ್ಲಿಗೆ ಹೋಗು" ಅಂದರು. ಎಲ್ಲರೂ ನಕ್ಕರು. ಈ ತಿಂಗಳ ಇನ್ಸೆಂಟಿವ್ ಕಟ್.

ನಾನು ಮಾಡಿದ್ದು ತಪ್ಪಾ? ಇನ್ನೊಂದು ಪ್ರಶ್ನೆ ಇದೆ, ಅದೇ ಜಾಸ್ತಿ ಕೊರೆಯುತ್ತಿದೆ. ಅವರು ಕೇಳದೇ ಹೋಗಿದ್ದರೆ ನಾನು ಹೇಳುತ್ತಿರಲಿಲ್ಲ. ಎಂಟು ತಿಂಗಳಿಂದ ಯಾರಿಗೂ ಹೇಳಿಲ್ಲ.

ಸುಮ್ನೆ_ಓದ್ತೀನಿ
ತಪ್ಪಿಲ್ಲ. ಬೇರೆ ಕೆಲಸ ಹುಡುಕು ಗುರು.

ದಾವಣಗೆರೆ_ಮಂಡಕ್ಕಿ
ಬೇರೆ ಕೆಲಸ ಹುಡುಕು ಅನ್ನುವುದಕ್ಕೆ ಏನು, ಬಾಯಿಗೆ ಬಾಡಿಗೆ ಇಲ್ಲ. ನಾನು 22 ವರ್ಷದಿಂದ ಬಟ್ಟೆ ಅಂಗಡಿ ಇಟ್ಟವನು. ಬಾಡಿಗೆ, ಕರೆಂಟು, ಆರು ಜನ ಹುಡುಗರ ಸಂಬಳ. ಬೆಳಗ್ಗೆ ಬೋಣಿ ಆಗುವ ಮೊದಲೇ ಒಬ್ಬರು ಬಂದು "ಪ್ಯೂರ್ ಬೇಕು, ಮೂರು ಸಾವಿರದೊಳಗೆ ಬೇಕು" ಅನ್ನುತ್ತಾರೆ. ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅವನು ನಾನು ತೋರಿಸಿದ್ದ ಸೀರೆಯನ್ನೇ ತೋರಿಸಿ ಪ್ಯೂರ್ ಅಂತ ಕೊಟ್ಟು ಕಳಿಸುತ್ತಾನೆ. ನಮ್ಮ ಕಡೆ ತಿರುಗಿ "ಅವನು ಕೊಟ್ಟ ನೋಡಿ" ಅಂತ ಹೇಳಿ ಹೋದವರೂ ಇದ್ದಾರೆ. ಸುಳ್ಳು ಹೇಳುವವನು ಒಬ್ಬನಿದ್ದರೆ ಸುಳ್ಳು ಕೇಳಿಸಿಕೊಳ್ಳಲು ಆಸೆ ಪಡುವವರು ಹತ್ತು ಜನ ಇರುತ್ತಾರೆ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆದೆ.

ಹಾಗಂತ ನಿನ್ನ ಮಾಲೀಕರದ್ದು ಸರಿ ಅನ್ನುತ್ತಿಲ್ಲ ತಮ್ಮಾ. ಆದರೆ ನೀನೂ ಅರ್ಧ ಮಾತು ಆಡಿದೆ. "ಇದು ಸೆಮಿ" ಅಂತ ಹೇಳಿ ಬಾಯಿ ಮುಚ್ಚಿದರೆ ಗಿರಾಕಿ ಕಿವಿಗೆ ಬೀಳುವುದು "ಇದು ಮೋಸ" ಅಂತ. "ಅಮ್ಮಾ, ಇದು ಸೆಮಿ. ಹೊಳಪು ನಿಲ್ಲುತ್ತೆ, ನಿಭಾಯಿಸುವುದು ಸುಲಭ. ಧಾರೆಗೆ ಪ್ಯೂರೇ ಬೇಕು ಅಂದರೆ ಆ ಕಡೆ ಇದೆ, ಇಷ್ಟಾಗುತ್ತೆ, ನೋಡೋದಕ್ಕೇನು ದುಡ್ಡಾ?" ಹೀಗೆ ಹೇಳಿದ್ದರೆ ಕೂತಿರುತ್ತಿದ್ದರು. ನಿಜ ಹೇಳುವುದೂ ಒಂದು ಕಸುಬು. ಅದನ್ನು ಯಾರೂ ಕಲಿಸುವುದಿಲ್ಲ.

ಅಂಚು_ಸೆರಗು
ಅಣ್ಣ, ಹೇಳಬಹುದಿತ್ತು. ಆದರೆ ಸೆಮಿ ಅಂತ ಬಾಯಿ ಬಿಟ್ಟ ಮೇಲೆ 7,800 ಯಾಕೆ ಅಂತ ಕೇಳಿದರೆ ಏನು ಹೇಳಲಿ? ಅದು ಸೆಮಿ ರೇಟ್ ಅಲ್ಲ.

ದಾವಣಗೆರೆ_ಮಂಡಕ್ಕಿ
ಅದು ಹೌದು. ರೇಟ್ ನಾನು ಗಮನಿಸಲಿಲ್ಲ. ಹಾಗಾದರೆ ಸುಳ್ಳು ನಿನ್ನ ಬಾಯಿಗೆ ಬರುವ ಮುಂಚೆಯೇ ಚೀಟಿಯ ಮೇಲೆ ಬರೆದಾಗಿದೆ.

ಕೊಂಡಿ
ಮೊದಲಿಗೆ ಒಂದು ಮಾತು ಹೇಳಿಬಿಡ್ತೇನ್ರಿ. ‘ಸೆಮಿ’ ಅನ್ನುವುದು ಬೈಗುಳ ಅಲ್ಲ. ನಮ್ಮದು ಇಳಕಲ್ ಕಡೆ ನೇಕಾರರ ಮನೆ. ಇಳಕಲ್ ಸೀರೆಯಲ್ಲಿ ಹತ್ತಿ ಹಾಸಿನದು ಇದೆ, ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಹಾಸಿನದು ಇದೆ, ಪೂರಾ ರೇಷ್ಮೆಯದೂ ಇದೆ. ಹತ್ತಿ ಮೈಗೆ ರೇಷ್ಮೆ ಸೆರಗು ಕೂಡಿಸುವುದು ನಮ್ಮ ಅಜ್ಜನ ಅಜ್ಜನ ಕಾಲದಿಂದಲೂ ಇದೆ. ಯಾರಿಗೂ ಮೋಸ ಆಗಿಲ್ಲ, ಯಾಕಂದರೆ ಕೊಳ್ಳುವಾಕೆಗೆ ಗೊತ್ತು, ಮಾರುವಾತನಿಗೂ ಗೊತ್ತು, ರೊಕ್ಕವೂ ಅದಕ್ಕೆ ತಕ್ಕಂತೆ. ಕಲಬೆರಕೆ ನೂಲಿನಲ್ಲಿ ಇರುವುದಿಲ್ರೀ, ಹೆಸರಿನಲ್ಲಿ ಇರುತ್ತದೆ.

ನನ್ನ ಹೆಸರಿನ ಕೊಂಡಿ ಅಂದರೆ ಏನು ಅಂತ ಕೇಳುವವರಿಗೆ: ಮೈಯ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸುವುದು. ಒಂದೊಂದೇ ಎಳೆ. ನಮ್ಮವ್ವ ಕಿಟಕಿ ಹತ್ತಿರ ಕೂತು ಬೆರಳ ತುದಿಗೆ ಬೂದಿ ಹಚ್ಚಿಕೊಂಡು ಕೂಡಿಸುತ್ತಿದ್ದಳು. ಈಗ ಕಣ್ಣು ಕಾಣುವುದಿಲ್ಲ, ತಂಗಿ ಮಾಡುತ್ತಾಳೆ. ಆಮೇಲೆ ಕೆಂಪು ಸೆರಗಿನಲ್ಲಿ ತೋಪು ತೆನಿ ಅನ್ನುವ ವಿನ್ಯಾಸ ಬರಬೇಕು. ಇಷ್ಟಾದ ಮೇಲೆ ಪೇಟೆಯಲ್ಲಿ ಪವರ್ ಲೂಮಿನ ಸೀರೆಗೆ ‘ಕೈಮಗ್ಗದ ಇಳಕಲ್’ ಅಂತ ಚೀಟಿ ಅಂಟಿಸಿ ಅರ್ಧ ರೇಟಿಗೆ ಕೊಡುತ್ತಾರೆ. ಗಿರಾಕಿಗೆ ಆದ ಮೋಸದ ಬಗ್ಗೆ ಎಲ್ಲರೂ ಮಾತಾಡುತ್ತೀರಿ. ನನ್ನ ತಂಗಿಗೆ ಆದ ಮೋಸ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇಳಕಲ್ ಸೀರೆಗೆ ಜಿ.ಐ. ಟ್ಯಾಗ್ (ಭೌಗೋಳಿಕ ಗುರುತು) ಇದೆ, ಗೊತ್ತು. ಟ್ಯಾಗ್ ಬಂದು ಅಂಗಡಿಯ ಹುಡುಗನ ಬಾಯಿ ಮೇಲೆ ಕೂರುವುದಿಲ್ಲ.

ಸುಮ್ನೆ_ಓದ್ತೀನಿ
ಕೊಂಡಿ ಸರ್, ನಮ್ಮ ಅಕ್ಕನ ಹತ್ತಿರ ಕಪ್ಪು ಚಂದ್ರಕಾಳಿ ಇಳಕಲ್ ಸೀರೆ ಇದೆ. ಅದು ಕೈಮಗ್ಗದ್ದಾ ಅಂತ ಹೇಗೆ ನೋಡುವುದು?

ಕೊಂಡಿ
ಮೈ ಮತ್ತು ಸೆರಗು ಸೇರುವ ಜಾಗ ತಿರುಗಿಸಿ ನೋಡ್ರಿ. ಕುಣಿಕೆ ಸಾಲು ಕಾಣಬೇಕು. ಫೋಟೋ ಹಾಕಿದರೆ ಹೇಳುತ್ತೇನೆ.

ಮಂಡ್ಯದ_ಮಗಳು
ಅಂಚು ಸೆರಗು ಅವರೇ, ಆ ತಾಯಿ ಜಾಗದಲ್ಲಿ ನಾಲ್ಕು ವರ್ಷದ ಹಿಂದೆ ನಮ್ಮಮ್ಮ ಕೂತಿದ್ದರು. ಊರು, ಅಂಗಡಿ ಬೇಡ. ಅಕ್ಕನ ಮದುವೆಗೆ 14,000 ಕೊಟ್ಟು ‘ಪ್ಯೂರ್’ ತಂದೆವು. ಅಮ್ಮ ಎರಡು ಸಲ ಕೇಳಿದ್ದರು. ಹುಡುಗ ದೇವರ ಫೋಟೋ ಕಡೆ ಕೈ ತೋರಿಸಿ ಆಣೆ ಬೇರೆ ಹಾಕಿದ್ದ.

ಮದುವೆ ದಿನ ಆರತಿ ಎತ್ತುವಾಗ ಕರ್ಪೂರ ಜಾರಿ ಸೆರಗಿನ ಮೇಲೆ ಬಿತ್ತು. ತಕ್ಷಣ ಕೊಡವಿದೆವು, ಯಾರಿಗೂ ಏನೂ ಆಗಲಿಲ್ಲ. ಆದರೆ ಸುಟ್ಟ ಕಡೆ ಬಟ್ಟೆ ಮುದುಡಿ, ಅಂಚು ಕಪ್ಪಗೆ ಗಟ್ಟಿ ಮಣಿ ಕಟ್ಟಿತು. ನಮ್ಮ ಸೋದರತ್ತೆ ಅದನ್ನು ಉಗುರಿನಿಂದ ಟಕ್ ಟಕ್ ಅಂತ ಕುಟ್ಟಿ, ಬೀಗರ ಎದುರಿಗೇ, "ಪ್ಲಾಸ್ಟಿಕ್ಕು ಕಣವ್ವಾ ಇದು" ಅಂದರು. ಅಮ್ಮ ಊಟದ ಮನೆಗೆ ಹೋದವರು ಹೊರಗೆ ಬರಲೇ ಇಲ್ಲ, ಪಂಕ್ತಿ ಮುಗಿಯುವವರೆಗೂ. 14,000 ಹೋಗಿದ್ದಕ್ಕಲ್ಲ.

ನೀವು ಮಾಡಿದ್ದು ಸರಿ. ಆಯಮ್ಮ ಬೇರೆ ಅಂಗಡಿಯಲ್ಲಿ ಮೋಸ ಹೋಗಿರಬಹುದು, ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಸುಮ್ನೆ_ಓದ್ತೀನಿ
😔

ಹಿಪ್ಪುನೇರಳೆ
ಎಳೆ ಸುಟ್ಟು ರೇಷ್ಮೆ ಹೌದೋ ಅಲ್ಲವೋ ನೋಡುವ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. ತುಂಬಾ ಜನ ಒಂದೇ ಎಳೆ ಕಿತ್ತು ಸುಟ್ಟು, ಕೂದಲು ಸುಟ್ಟ ವಾಸನೆ ಬಂತು, ಬೂದಿ ಪುಡಿ ಆಯ್ತು, ಹಾಗಾದರೆ ರೇಷ್ಮೆ ಅಂತ ಸಮಾಧಾನ ಪಡುತ್ತಾರೆ. ಸೆಮಿಯಲ್ಲಿ ಹಾಸಿನ ಎಳೆ ನಿಜವಾದ ರೇಷ್ಮೆಯೇ ಆಗಿರಬಹುದು. ಹಾಸಿನದೊಂದು, ಹೊಕ್ಕಿನದೊಂದು, ಎರಡನ್ನೂ ಬೇರೆ ಬೇರೆ ಸುಡಬೇಕು. ಅಂಗಡಿಯವರು ಉದ್ದಕ್ಕಿರುವ ಎಳೆಯನ್ನೇ ಯಾಕೆ ಕಿತ್ತು ಕೊಡುತ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ನಾವು ರಾಮನಗರ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕುವವರು. ಫೋನಿನಲ್ಲಿ ‘ಪ್ಯೂರ್ ಸಿಲ್ಕ್ 1,999’ ಅಂತ ಜಾಹೀರಾತು ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಗೂಡಿಗೆ ಕಿಲೋಗೆ 500 ಅಂತ ಇಟ್ಟುಕೊಂಡರೂ 3,000ದಿಂದ 3,500 ಗೂಡಿಗೇ ಹೋಯಿತು. ನೂಲಿನ ಅಂಟು ತೆಗೆದರೆ ಹೆಚ್ಚುಕಡಿಮೆ ಕಾಲು ಭಾಗ ತೂಕ ಹೋಗುತ್ತದೆ. ಅರ್ಧ ಕಿಲೋ ತೂಗುವ ಸೀರೆಗೆ ಗೂಡಿನ ದುಡ್ಡೇ ಎರಡು ಸಾವಿರ ದಾಟುತ್ತದೆ. ನೂಲು ಬಿಚ್ಚುವವರು, ಹುರಿ ಹಾಕುವವರು, ಬಣ್ಣದವರು, ನೇಯುವವರು ಇನ್ನೂ ಸಾಲಿನಲ್ಲಿ ನಿಂತಿದ್ದಾರೆ. ಜರಿ ಬೇರೆ.

ದಾವಣಗೆರೆ_ಮಂಡಕ್ಕಿ
ತೆಳು ಸೀರೆ ಅರ್ಧ ಕಿಲೋ ತೂಗುವುದಿಲ್ಲ ಸ್ವಾಮಿ. ಎಲ್ಲವನ್ನೂ ಅರ್ಧ ಕಿಲೋ ಲೆಕ್ಕಕ್ಕೆ ಹಾಕಬೇಡಿ.

ಹಿಪ್ಪುನೇರಳೆ
ಒಪ್ಪಿದೆ. ಆದರೆ ಆ ಜಾಹೀರಾತಿನ ಸೀರೆ ಮದುವೆ ಸೀರೆ ಅಂತ ಹಾಕಿದ್ದರು, ಕರ್ಚೀಫ್ ಅಂತಲ್ಲ.

ವಕೀಲ_ಅಲ್ಲ
ಯಾರೂ ಸಿಲ್ಕ್ ಮಾರ್ಕ್ ಬಗ್ಗೆ ಹೇಳಲಿಲ್ಲ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ್ದು. ಅಸಲಿ ರೇಷ್ಮೆ ಅಂತ ಗುರುತಿಸುವ, ಹಾಲೋಗ್ರಾಮ್ ಇರುವ ಚೀಟಿ, ಪ್ರತಿ ಚೀಟಿಗೂ ಬೇರೆ ನಂಬರ್. ಚಿನ್ನದ ಹಾಲ್‌ಮಾರ್ಕ್ ಥರ ಇದು ಕಡ್ಡಾಯ ಅಲ್ಲ, ಅದೇ ತೊಂದರೆ. ಇನ್ನೊಂದು ವಿಷಯ, ಅದು ರೇಷ್ಮೆ ಬಗ್ಗೆ ಮಾತ್ರ ಹೇಳುತ್ತದೆ, ಜರಿ ಅಸಲಿಯೋ ಅಲ್ಲವೋ ಹೇಳುವುದಿಲ್ಲ.

ಕಾನೂನು ಅಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ಗುಣಮಟ್ಟ, ಅದರಲ್ಲಿ ಏನಿದೆ ಅನ್ನುವುದರ ಬಗ್ಗೆ ಸುಳ್ಳು ಹೇಳಿ ಮಾರಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದೇ ಇರುವುದೂ ಅದೇ ಲೆಕ್ಕ. ಮಂಡ್ಯದ ಅಕ್ಕ, ನಿಮ್ಮ ಬಿಲ್ಲಿನಲ್ಲಿ ಏನಂತ ಬರೆದಿತ್ತು?

ಮಂಡ್ಯದ_ಮಗಳು
‘ಸೀರೆ – 1’ ಅಂತ. ಅಷ್ಟೇ.

ವಕೀಲ_ಅಲ್ಲ
ಅಲ್ಲೇ ಇದೆ ಕೈಚಳಕ. ಬಾಯಲ್ಲಿ ಪ್ಯೂರ್, ಬಿಲ್ಲಿನಲ್ಲಿ ‘ಸೀರೆ’. ಓದುತ್ತಿರುವವರು ದಯವಿಟ್ಟು ಒಂದು ಕೆಲಸ ಮಾಡಿ. "ಬಿಲ್ಲಿನಲ್ಲಿ ಪ್ಯೂರ್ ಸಿಲ್ಕ್ ಅಂತ ಬರೆದು ಕೊಡಿ" ಅನ್ನಿ. ಬರೆಯುವಾಗ ಪೆನ್ ನಿಂತರೆ ಸೀರೆ ವಾಪಸ್ ಇಡಿ. ದೂರು ಕೊಡಬೇಕು ಅಂದರೆ ಸಹಾಯವಾಣಿ 1915.

ಅಂಚು_ಸೆರಗು
ಇದು ನಿಜ. ನಮ್ಮಲ್ಲಿ ಯಾರಾದರೂ ಹಾಗೆ ಬರೆಸಲು ಕೇಳಿದರೆ "ಕಂಪ್ಯೂಟರ್ ಬಿಲ್ ಮೇಡಂ, ಬರೆಯೋಕೆ ಬರಲ್ಲ" ಅನ್ನಬೇಕು ಅಂತ ಹೇಳಿಕೊಟ್ಟಿದ್ದಾರೆ.

ಚಿನಿವಾರ_ಪೇಟೆ
ಚಿನ್ನದ ಹೆಸರು ಬಂತು ಅಂತ ಒಳಗೆ ಬಂದೆ. ನಮ್ಮಲ್ಲೂ ಹೀಗೇ ಇತ್ತು. 22 ಕ್ಯಾರೆಟ್ ಅಂತ ಬಾಯಲ್ಲಿ, ಕರಗಿಸಿದರೆ 18, 19. ಹಾಲ್‌ಮಾರ್ಕ್ 2021ರಿಂದ ಹಂತ ಹಂತವಾಗಿ ಕಡ್ಡಾಯ ಆಯ್ತು. 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಯ ಎಚ್.ಯು.ಐ.ಡಿ., ಅಂದರೆ ಪ್ರತಿ ಒಡವೆಗೂ ಬೇರೆ ನಂಬರ್, ಕಡ್ಡಾಯ ಆಯ್ತು. ಈಗ ಕಾಲೇಜು ಹುಡುಗಿಯರು ಕೌಂಟರಿನಲ್ಲೇ ಮೊಬೈಲ್ ತೆಗೆದು ಆ ನಂಬರ್ ಹಾಕಿ ನೋಡುತ್ತಾರೆ. ಹಾಗಾಗಿ 916 (22 ಕ್ಯಾರೆಟ್ ಗುರುತು) ವಿಷಯದಲ್ಲಿ ಸುಳ್ಳು ಹೇಳಲು ಧೈರ್ಯ ಬರುವುದಿಲ್ಲ.

ಮೋಸ ನಿಂತಿತು ಅಂದುಕೊಳ್ಳಬೇಡಿ. ಮನೆ ಬದಲಾಯಿಸಿತು. ವೇಸ್ಟೇಜ್ ಶೇಕಡಾ ಎಷ್ಟು, ಹರಳಿನ ತೂಕ ಕಳೆದರಾ, ಹಳೆ ಒಡವೆ ತೆಗೆದುಕೊಳ್ಳುವಾಗ ಎಷ್ಟು ಹಿಡಿದರು, ಅಲ್ಲಿ ಹೋಗಿ ಕೂತಿದೆ. ನಾನೂ ಅದೇ ಕಸುಬಿನವನು, ಬೇರೆಯವರನ್ನು ಮಾತ್ರ ಅಂತಿಲ್ಲ.

ಟೊಮೆಟೊ_ಕ್ರೇಟ್
ನಾವು ರೈತರೇನು ಕಮ್ಮಿ ಇಲ್ಲ ಬಿಡಿ. ಕೋಲಾರ ಮಾರ್ಕೆಟ್ಟಿಗೆ 15 ಕಿಲೋ ಟೊಮೆಟೊ ಬಾಕ್ಸ್ ತುಂಬುವಾಗ ಮೇಲಿನ ಸಾಲಿಗೆ ಕೈ ಎಂಥ ಹಣ್ಣಿಗೆ ಹೋಗುತ್ತೆ ಅಂತ ನಮ್ಮ ಮನೆ ಹೆಂಗಸರನ್ನು ಕೇಳಿ. 😄 ಆದರೆ ಹರಾಜಿನವನು ಒಂದು ಬಾಕ್ಸ್ ಸುರಿದು ನೋಡೇ ನೋಡುತ್ತಾನೆ. ಅವನಿಗೆ ಗೊತ್ತು, ನಮಗೆ ಗೊತ್ತು ಅಂತ ಅವನಿಗೆ ಗೊತ್ತು. ಅದು ಮೋಸವೋ ಅಲಂಕಾರವೋ ಇವತ್ತಿನವರೆಗೂ ತೀರ್ಮಾನ ಆಗಿಲ್ಲ.

ಕೊಂಡಿ
ಸುರಿದು ನೋಡುವವನಿಗೆ ಮೇಲಿನ ಸಾಲು ಅಲಂಕಾರ. ನಂಬಿ ಒಯ್ಯುವವರಿಗೆ ಮೋಸ.

ಟಾರ್ಗೆಟ್_ತಿಂಗಳು
ಅಂಚು ಸೆರಗು ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೇಳದೇ ಇದ್ದರೆ ಹೇಳಬೇಕಾ?

ನಾನು ಒಂದು ಬ್ಯಾಂಕ್ ಶಾಖೆಯಲ್ಲಿದ್ದೆ. ಮಾರ್ಚ್ ತಿಂಗಳು. ನಿವೃತ್ತ ಮೇಷ್ಟ್ರೊಬ್ಬರು ಎಫ್.ಡಿ. ನವೀಕರಿಸಲು ಬಂದರು. ಮೂರು ಲಕ್ಷ. "ಸರ್, ಇದರಲ್ಲಿ ಬಡ್ಡಿ ಜಾಸ್ತಿ ಬರುತ್ತೆ, ಜೊತೆಗೆ ವಿಮೆ" ಅಂದೆ. ಸುಳ್ಳು ಒಂದೂ ಹೇಳಲಿಲ್ಲ, ಗಮನಿಸಿ. ಪ್ರತಿ ವರ್ಷ ಕಟ್ಟಬೇಕು ಅಂತ ಹೇಳಲಿಲ್ಲ, ಅಷ್ಟೇ. ಅವರು ಕೇಳಲೂ ಇಲ್ಲ. ನನ್ನ ಪೆನ್ ತೆಗೆದುಕೊಂಡು ಎಲ್ಲಿ ಟಿಕ್ ಹಾಕಿದ್ದೆನೋ ಅಲ್ಲೆಲ್ಲ ಸಹಿ ಹಾಕಿದರು. ಕನ್ನಡದಲ್ಲಿ, ಪೂರ್ತಿ ಹೆಸರು, ದುಂಡಗೆ.

ಆಗ ಪಾಲಿಸಿ ವಾಪಸ್ ಮಾಡಲು 15 ದಿನ ಇತ್ತು, 2024ರಿಂದ 30 ದಿನ ಮಾಡಿದ್ದಾರೆ. ಮೇಷ್ಟ್ರಿಗೆ ಗೊತ್ತಾಗಿದ್ದು ಮುಂದಿನ ಮಾರ್ಚ್‌ನಲ್ಲಿ, ಎರಡನೇ ಕಂತಿನ ಮೆಸೇಜ್ ಬಂದಾಗ. ಬಂದು ಜಗಳ ಆಡಲಿಲ್ಲ. "ನಂಗೆ ಓದೋಕೆ ಬರುತ್ತೆ ಕಣಯ್ಯ, ನೀನು ಹೇಳ್ತಿದ್ದೀಯ ಅಂತ ಓದಲಿಲ್ಲ" ಅಂದರು.

ಕೆಲಸ ಬಿಟ್ಟು ಮೂರು ವರ್ಷ ಆಯ್ತು. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಗಾಡಿ ಜೋರಾಗಿ ಓಡಿಸುತ್ತೇನೆ.

ಮಂಡ್ಯದ_ಮಗಳು
"ಬಡ್ಡಿ ಜಾಸ್ತಿ ಬರುತ್ತೆ" ಅಂದಿದ್ದು ಸುಳ್ಳಲ್ವಾ ಹಾಗಾದರೆ?

ಟಾರ್ಗೆಟ್_ತಿಂಗಳು
...ಸುಳ್ಳೇ. ಇಷ್ಟು ದಿನ ಬೇರೆ ಥರ ಹೇಳಿಕೊಂಡಿದ್ದೆ.

ದಾವಣಗೆರೆ_ಮಂಡಕ್ಕಿ
ವಿಮೆ ಬೇರೆ, ಸೀರೆ ಬೇರೆ. ಸೀರೆ ಕಣ್ಣೆದುರಿಗೆ ಇದೆ, ಮುಟ್ಟಬಹುದು, ಹಿಂಡಬಹುದು, ನಾಲ್ಕು ಅಂಗಡಿ ತಿರುಗಬಹುದು. ಪ್ರತಿಯೊಬ್ಬರಿಗೂ ಕೇಳದಿದ್ದರೂ ಹೇಳುತ್ತಾ ಕೂತರೆ ಸಂಜೆ ಅಂಗಡಿ ಮುಚ್ಚುವುದಲ್ಲ, ಶಾಶ್ವತವಾಗಿ ಮುಚ್ಚಬೇಕು. "ಈ ಬಣ್ಣ ನಿಮಗೆ ಒಪ್ಪುವುದಿಲ್ಲ ಅಕ್ಕ" ಅಂತಲೂ ಹೇಳಬೇಕಾ? ನನ್ನ ನಿಯಮ: ಕೇಳಿದರೆ ಸುಳ್ಳಿಲ್ಲ. ಕೇಳದಿದ್ದರೆ ಮೌನ.

ಮಂಡ್ಯದ_ಮಗಳು
ಅಣ್ಣಾ, ಬಣ್ಣ ಒಪ್ಪುತ್ತೋ ಇಲ್ಲವೋ ಕನ್ನಡಿ ಹೇಳುತ್ತೆ. ಹೊಕ್ಕು ಪಾಲಿಯೆಸ್ಟರ್ ಅಂತ ಯಾವ ಕನ್ನಡಿ ಹೇಳುತ್ತೆ? ಗಿರಾಕಿ ಕಣ್ಣಿಗೆ ಕಾಣದ್ದನ್ನು ನೀವು ಹೇಳಬೇಕು, ಕಾಣುವುದನ್ನು ಬಿಡಿ. ಇನ್ನೊಂದು, ‘ಪ್ಯೂರ್’ ಕಪಾಟಿನಲ್ಲಿ ತೆಗೆದಿಟ್ಟು ಪ್ಯೂರ್ ರೇಟ್ ಹಾಕಿದ ಮೇಲೆ ಅದೆಂಥ ಮೌನ? ಕಪಾಟೇ ಕೂಗಿ ಹೇಳುತ್ತಿದೆಯಲ್ಲ.

ದಾವಣಗೆರೆ_ಮಂಡಕ್ಕಿ
ನನ್ನ ಅಂಗಡಿಯಲ್ಲಿ ಕಪಾಟು ಬೇರೆ ಬೇರೆ ಇದೆ ತಾಯಿ. ಸೆಮಿ ಕಪಾಟಿನ ಮೇಲೆ ಬೋರ್ಡ್ ಇಲ್ಲ ಅನ್ನುವುದು ನಿಜ. ಇದೆ ಅಂತ ಹೇಳಿ ಜಂಬ ಕೊಚ್ಚಿಕೊಳ್ಳಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು.

ಸುಮ್ನೆ_ಓದ್ತೀನಿ
ಬೋರ್ಡ್ ಹಾಕಿ ಅಣ್ಣ, ನಾನೇ ಬರೆಸಿಕೊಡುತ್ತೇನೆ.

ದಾವಣಗೆರೆ_ಮಂಡಕ್ಕಿ
ಬೆಣ್ಣೆ ದೋಸೆಯೂ ಕೊಡಿಸುತ್ತೀಯಾ?

ಚಿನಿವಾರ_ಪೇಟೆ
ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಹಾಕುವುದು ಬೆಣ್ಣೆಯೇನಾ, ಅದನ್ನೂ ಇಲ್ಲೇ ಇತ್ಯರ್ಥ ಮಾಡಿ.

ದಾವಣಗೆರೆ_ಮಂಡಕ್ಕಿ
ಇದಕ್ಕೆ ಮಾತ್ರ ಜಗಳ ಆಗುತ್ತೆ ನೋಡಿ.

ಟೊಮೆಟೊ_ಕ್ರೇಟ್
ಆಟೋದವರಿಗೆ ಕಮಿಷನ್ ಕೊಡುವ ಸೀರೆ ಅಂಗಡಿಗಳ ಬಗ್ಗೆಯೂ ಯಾರಾದರೂ ಬರೆಯಿರಿ. ಮೈಸೂರಿಗೆ ಹೋದಾಗ "ಫ್ಯಾಕ್ಟರಿ ರೇಟ್" ಅಂತ ಹೇಳಿ ಎಲ್ಲೋ ಕರೆದುಕೊಂಡು ಹೋಗಿದ್ದರು. ಮನೆಯವಳು ಒಳಗೆ ಹೋದವಳೇ ಬಾಗಿಲಲ್ಲೇ ವಾಪಸ್ ಬಂದಳು.

ವಕೀಲ_ಅಲ್ಲ
ಮೈಸೂರು ರೇಷ್ಮೆ ಅಂದರೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಈಗ ಸರ್ಕಾರದ ಕೆ.ಎಸ್.ಐ.ಸಿ.ಯದ್ದು (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ). ಅವರದೇ ಮಳಿಗೆಗಳಿವೆ, ಸೀರೆ ಮೇಲೆ ಕೋಡ್ ನಂಬರ್ ಇರುತ್ತದೆ. ಆಟೋದವರು ತೋರಿಸಬೇಕಾಗಿಲ್ಲ.

ಮಂಡ್ಯದ_ಮಗಳು
ಅಂಚು ಸೆರಗು ಎಲ್ಲಿ ಹೋದರು? ಎರಡು ದಿನದಿಂದ ಸುದ್ದಿ ಇಲ್ಲ. ಕೆಲಸ ಇದೆಯಾ?

ಅಂಚು_ಸೆರಗು
ಇದೆ ಅಕ್ಕ. ಆದರೆ ಗಾದಿಯಿಂದ ಎಬ್ಬಿಸಿದರು. ಈಗ ಕೆಳಗಡೆ ಬ್ಲೌಸ್ ಪೀಸ್, ಫಾಲ್ಸ್, ಲಂಗದ ಕೌಂಟರ್. ಇನ್ಸೆಂಟಿವ್ ಇಲ್ಲ, ಸಂಬಳ ಅಷ್ಟೇ. ದಾವಣಗೆರೆ ಅಣ್ಣ ಹೇಳಿದ ಹಾಗೆ ಹೇಳೋಣ ಅಂತ ಮಾಲೀಕರ ಹತ್ತಿರ ಹೋಗಿದ್ದೆ. ಸೆಮಿಯನ್ನು ಸೆಮಿ ಅಂತಲೇ ಹೇಳಿ, ರೇಟ್ ಇಳಿಸಿ ಮಾರೋಣ, ಜಾಸ್ತಿ ಹೋಗುತ್ತೆ ಅಂದೆ. "ಸೀಸನ್ ಮುಗೀಲಿ" ಅಂದರು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ಮಾತಾಡುತ್ತಾನೆ, ನಿನ್ನೆ ಒಂದೇ ದಿನ ಆ ಕಪಾಟಿನಿಂದ ಹನ್ನೊಂದು ಸೀರೆ ಹೋಯ್ತು.

ಕೆಳಗಡೆ ಪ್ಯೂರಾ ಅಂತ ಯಾರೂ ಕೇಳುವುದಿಲ್ಲ. ಇವತ್ತು ಬೆಳಗ್ಗೆ ಒಬ್ಬರು ಮೆರೂನ್ ಬ್ಲೌಸ್ ಪೀಸ್ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದರು. ಏನೂ ಕೇಳಲಿಲ್ಲ.

ಕೊಂಡಿ
ಬಣ್ಣ ಬಿಡ್ತದೇನು ಅದು?

ಅಂಚು_ಸೆರಗು
ಬಿಡುತ್ತೆ. ಹೇಳಿದೆ. ನೀಲಿ ತಗೊಂಡು ಹೋದರು.